ಪ್ರೀತಿಯ ಕಾಲು ನಾನು ಹಿಡಿಯುವುದಿಲ್ಲ

ಚಿತ್ತಾಪುರ
೧೬ ನವೆಂಬರ್ ೨೦೨೫, ಭಾನುವಾರ

ತಂಗಿ ದೇವಿಕಾಳಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ರೂಢಿ. ನಾನು ಕ್ಷೇಮವಾಗಿಲ್ಲ, ಸಿಟ್ಟಿನಲ್ಲಿದ್ದೇನೆ. ನೀನೂ ನಿನ್ನ ಕೂಸು ಪ್ರೀತಿಯೂ ಕ್ಷೇಮವಾಗಿದ್ದೀರಿ ಎಂದು ಬರುವ ಗುರುವಾರದ ಅಮಾವಾಸ್ಯೆಯವರೆಗೆ ನಂಬುತ್ತೇನೆ. ಅದರಾಚೆಯದು ನಿನ್ನ ಕೈಯಲ್ಲಿದೆ.

ಉತ್ತರ ತಡವಾಯಿತು. ತಪ್ಪು ಅರ್ಧ ನನ್ನದು, ಅರ್ಧ ನಿನ್ನದು. ಫೋನಿನಲ್ಲಿ ನಾನು ಕೂಗಾಡಿದೆ, ನೀನು ನನ್ನ ನಂಬರ್ ಬ್ಲಾಕ್ ಮಾಡಿದೆ. ಆಮೇಲೆ ಪ್ರೆಸ್ಸಿನ ರದ್ದಿ ಕಾಗದದ ಹಿಂಬದಿಯಲ್ಲಿ ನಾಲ್ಕು ಸಲ ಬರೆದೆ. ನಾಲ್ಕೂ ಬರಿ ಬೈಗಳಾದವು, ಹರಿದು ಹಾಕಿದೆ. ಇದೂ ಅಷ್ಟೇನೂ ಸಭ್ಯವಾಗಿಲ್ಲ, ಆದರೆ ಹರಿದು ಮತ್ತೆ ಬರೆಯಲು ದಿನಗಳಿಲ್ಲ. ನಮ್ಮ ಪ್ರೆಸ್ಸಿನ ಅಂಬರೇಶ ನಾಳೆ ಶಹಾಬಾದಿಗೆ ಹೋಗುತ್ತಾನೆ. ಇದನ್ನು ಅವಳ ಕೈಗೇ ಕೊಡು, ಅವಳ ಗಂಡನ ಕೈಗೆ ಕೊಡಬೇಡ ಎಂದು ಹೇಳಿ ಕಳಿಸುತ್ತಿದ್ದೇನೆ.

ನೀನು ಕಳಿಸಿದ ಧ್ವನಿ ಮೆಸೇಜನ್ನು ನಾನು ಅಳಿಸಿಲ್ಲ. ದಿನಕ್ಕೊಮ್ಮೆ ಕೇಳುತ್ತೇನೆ, ಸಿಟ್ಟು ಆರಬಾರದು ಎಂದು.

“ಅಣ್ಣಾ, ಪ್ರೀತಿ ಹಾಸಗಿ ಒದ್ದಿ ಮಾಡೋದು ಬಿಡವಲ್ಲಳು ನೋಡು. ನಾಕು ವರ್ಷದಾಕಿ ಆದ್ಳು. ನಿದ್ದಿಗಣ್ಣಾಗ ಎದ್ದು ಚೀರ್ತಾಳ. ಅಮಾಸಿ ದಿನ ಊರಾಗ ಬರಿ ಹಾಕ್ಸೋಣು ಅಂದಾಳ ಅವ್ವ. ಸ್ವಾದರಮಾವ ಕಾಲು ಹಿಡೀಬೇಕಲ್ಲ, ನೀ ರಜಾ ಹಾಕಿ ಬಾ. ಬರೋವಾಗ ಅಕಿಗಿ ಬಿಸ್ಕೀಟ್ ತಗೊಂಡು ಬಾ.”

ಬರೆ ಹಾಕುವ ಕುಡುಗೋಲಿಗೂ ಬಿಸ್ಕೀಟಿಗೂ ನಡುವೆ ನೀನು ಉಸಿರು ಕೂಡ ತೆಗೆದುಕೊಂಡಿಲ್ಲ.

ನಮ್ಮ ಓಣಿಯ ಪದ್ಧತಿ ನಿನಗೆ ಗೊತ್ತಿಲ್ಲದ್ದಲ್ಲ. ಆದರೂ ಬರೆಯುತ್ತೇನೆ, ಕಾಗದದ ಮೇಲೆ ಅದು ಹೇಗೆ ಕಾಣುತ್ತದೆ ನೋಡು. ಮಗು ಅಂಜಿದರೆ, ಹಾಸಿಗೆ ಒದ್ದೆ ಮಾಡಿದರೆ, ಅಮಾವಾಸ್ಯೆಯ ಬೆಳಿಗ್ಗೆ ಅದನ್ನು ನೆಲದ ಮೇಲೆ ಮಲಗಿಸುತ್ತಾರೆ. ನೆರೆಮನೆಯ ಇಬ್ಬರು ಹೆಂಗಸರು ಒಂದೊಂದು ಕೈ ಹಿಡಿಯುತ್ತಾರೆ. ತಾಯಿ ತಲೆ ಹಿಡಿದು ಕಣ್ಣು ಮುಚ್ಚುತ್ತಾಳೆ. ಸೋದರಮಾವ ಕಾಲು ಹಿಡಿಯುತ್ತಾನೆ. ಸುಂದರಬಾಯಿ ಆಯಿ ಒಲೆಯಲ್ಲಿ ಕಾಸಿದ ಕುಡುಗೋಲಿನ ತುದಿಯಿಂದ ಹೊಕ್ಕುಳ ಕೆಳಗೆ ಎರಡು ಗೆರೆ ಎಳೆಯುತ್ತಾಳೆ. ಒಂದು ಕೂಸಿನ ಮೇಲೆ ಐದು ಜನ. ಇದಕ್ಕೆ ನಾವು ಮದ್ದು ಎನ್ನುತ್ತೇವೆ.

ಫೋನಿನಲ್ಲಿ ನೀನು ಹೇಳಿದ್ದು ಒಂದೇ ಮಾತು. “ನನಗ ಹಾಕಿದ ಮ್ಯಾಲ ನಿಂತಿತ್ತಲ್ಲ? ನಾ ಏನ್ ಸತ್ತೀನಾ?” ಅವ್ವನ ಬಾಯಲ್ಲೂ ಅದೇ, ಓಣಿಯ ಬಾಯಲ್ಲೂ ಅದೇ. ಚಂದಮ್ಮನ ಮಗಳಿಗೆ ಒಂದೇ ಬರೆಗೆ ನಿಂತುಹೋಯಿತು ಎಂದು ನಿನ್ನ ಹೆಸರು ಹೇಳಿ ಹೇಳಿ ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಮಕ್ಕಳನ್ನು ಸುಟ್ಟಿದ್ದಾರೆ, ನಿನಗೆ ಗೊತ್ತಿದೆಯೆ? ನೀನು ಸತ್ತಿಲ್ಲ, ಒಪ್ಪುತ್ತೇನೆ. ಆದರೆ ರೊಟ್ಟಿ ಸುಡುವಾಗ ಇಕ್ಕಳ ಕೆಂಪಾದರೆ ಈಗಲೂ ಮುಖ ಅತ್ತ ತಿರುಗಿಸುತ್ತೀ. ಹೆರಿಗೆಯಲ್ಲಿ ನರ್ಸ್ ಹೊಟ್ಟೆಯ ಮೇಲಿನ ಗೆರೆ ನೋಡಿ ಕೇಳಿದರೆ, ಸಣ್ಣಾಕಿದ್ದಾಗ ಬಿಸಿನೀರು ಬಿದ್ದಿತ್ತು ಎಂದೆ. ಮದ್ದಾಗಿದ್ದರೆ ಅದನ್ನು ಮುಚ್ಚಿಡುವುದು ಯಾಕೆ?

“ಹಾಳಿ ಓದಿ ದೊಡ್ಡ ಮನಷ್ಯಾ ಆಗೀದಿ” ಎಂದೂ ಚುಚ್ಚಿದೆ. ಹೌದು, ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಈ ಪ್ರೆಸ್ಸೇ ನನ್ನ ಕಾಲೇಜು. ಅಚ್ಚಿಗೆ ಬಂದ ಒಂದು ಕರಪತ್ರವನ್ನೂ ಓದದೆ ಬಿಟ್ಟಿಲ್ಲ. ಕೂಲಿಕಾರರ ಸಂಘದ್ದು, ಲಸಿಕೆಯದು, ಮಕ್ಕಳ ಹಕ್ಕಿನದು, ಎಲ್ಲವನ್ನೂ ಮಸಿ ಆರುವ ಮೊದಲೇ ಓದಿದ್ದೇನೆ. ಹಾಸಿಗೆ ಒದ್ದೆ ಮಾಡುವುದು ರೋಗವೂ ಅಲ್ಲ, ಹಟವೂ ಅಲ್ಲ, ಬಹಳಷ್ಟು ಮಕ್ಕಳಿಗೆ ಅದು ತಾನಾಗಿಯೇ ನಿಲ್ಲುತ್ತದೆ, ಅಂಜಿಸಿದರೆ ಹೆಚ್ಚಾಗುತ್ತದೆ. ಇದನ್ನು ನಾನೇ ಕೈಯಾರೆ ಐನೂರು ಪ್ರತಿ ಅಚ್ಚು ಹಾಕಿದ್ದೇನೆ. ಒಂದು ಪ್ರತಿ ನಿನಗೂ ಕೊಟ್ಟಿದ್ದೆ. ಏನು ಮಾಡಿದೆ ಅದನ್ನು?

ಮತ್ತೆ, ಪ್ರೀತಿಯ ಅಂಜಿಕೆ ಎಲ್ಲಿಂದ ಬಂತು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಪಂಚಮಿಗೆ ನಾನು ನಿಮ್ಮ ಮನೆಗೆ ಬಂದಿದ್ದೆ. ಭೀಮಶಾ ಕಲ್ಲು ಪಾಲಿಶ್ ಕೆಲಸ ಮುಗಿಸಿ ಬಂದು ಉಣ್ಣಲು ಕುಳಿತ, ಬೇಳೆಯಲ್ಲಿ ಉಪ್ಪು ಕಡಿಮೆ ಎಂದು ತಟ್ಟೆ ಎತ್ತಿ ಗೋಡೆಗೆ ಎಸೆದ. ನೀನು ಸುಮ್ಮನೆ ಗೋಡೆ ಒರೆಸತೊಡಗಿದೆ. ಪ್ರೀತಿ ಏನು ಮಾಡಿದಳು, ನೋಡಿದೆಯಾ? ಹೋಗಿ ಆ ತಟ್ಟೆಯನ್ನು ಎತ್ತಿಕೊಂಡಳು, ಬೋರಲು ಹಾಕಿ ಅದರ ಮೇಲೆ ಕುಳಿತುಬಿಟ್ಟಳು. ಮತ್ತೆ ಎಸೆಯಲು ಸಿಗಬಾರದು ಎಂದು. ನಾಲ್ಕು ವರ್ಷದ ಕೂಸು ಆ ಮನೆಗೆ ಕಾವಲು ಕುಳಿತಿದೆ, ದೇವಿಕಾ. ಅದು ನಿದ್ದೆಯಲ್ಲಿ ಚೀರದೆ ಇನ್ನೇನು ಮಾಡೀತು? ಸುಡಬೇಕಾದ್ದು ಅವಳ ಹೊಟ್ಟೆಯನ್ನೋ, ನಿನ್ನ ಗಂಡನ ಸೊಕ್ಕನ್ನೋ? ಗಂಡನನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ಆ ಮನೆಯಲ್ಲಿ ಎಲ್ಲರಿಗಿಂತ ಸಣ್ಣದು ಯಾವುದೋ ಅದನ್ನು ಹಿಡಿದು ಮಲಗಿಸುತ್ತೀರಿ.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಅವ್ವ ಹೊಸ್ತಿಲಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದಳು.

“ಬಂದೇನೋ ಸ್ವಾದರಮಾವ?” ಎಂದಳು, ತಲೆ ಎತ್ತದೆ.

“ಬಂದೀನಿ. ಕಾಲು ಹಿಡ್ಯಾಂಗಿಲ್ಲ ಅಂತ ಹೇಳಾಕ ಬಂದೀನಿ.”

“ನೀ ಹಿಡೀಲಿಲ್ಲಂದ್ರ ಊರಾಗ ಮಂದಿ ಸತ್ತಾರೇನು?”

“ಅವ್ವಾ, ಕೂಸಿಗಿ ಸುಡೋದು ಗುನ್ಹೆ ಅದ. ಪೊಲೀಸರು ಬರ್ತಾರ.”

“ಕರಕೊಂಡು ಬಾ. ಹಡದಾಕಿಗಿ ಜೇಲಿಗಿ ಹಾಕ್ಸಿದ ಮಗ ಅಂತ ನಿನ್ನ ಹಾಳ್ಯಾಗ ದೊಡ್ಡಕ್ಷರದಾಗ ಛಾಪ್ಸು. ಓದಾಕ ಬರಂಗಿಲ್ಲ ನನಗ, ನೀನೇ ಓದಿ ಹೇಳು.”

ಅವಳ ಹತ್ತಿರ ಗೆಲ್ಲಲಾಗಲಿಲ್ಲ. ಕರಪತ್ರದ ಕಟ್ಟು ಹಿಡಿದು ಓಣಿಗೆ ಇಳಿದೆ. ಬರೆ ಹಾಕಲು ಐದು ಜನ ಬೇಕು, ಹಿಡಿಯುವವರೇ ಇಲ್ಲದಿದ್ದರೆ ಕುಡುಗೋಲು ಏನು ಮಾಡೀತು ಎಂಬುದು ನನ್ನ ಲೆಕ್ಕ. ಮೊದಲ ಮನೆಯಲ್ಲೇ ಕೂಗಾಡಿದೆ, ನೀವು ತಾಯಂದಿರಲ್ಲ ಕಟುಕರು ಎಂದೆ. ಬಾಗಿಲು ಹಾಕಿಕೊಂಡರು. ಎರಡನೆಯ ಮನೆಯವರು ನನ್ನನ್ನು ನೋಡಿ ಮೊದಲೇ ಹಾಕಿಕೊಂಡರು. ಸುಂದರಬಾಯಿ ಆಯಿಯ ಅಂಗಳದಲ್ಲಿ, ಹೋದ ಸಲ ನಾನು ಹಂಚಿದ್ದ ಕರಪತ್ರಗಳ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು.

ಅಲ್ಲಿಗೆ ಆಶಾ ಕಾರ್ಯಕರ್ತೆ ತಬಸ್ಸುಮ್ ಆಪಾ ಬಂದರು, ಬಾಣಂತಿಯೊಬ್ಬಳನ್ನು ನೋಡಿಕೊಂಡು ಹೊರಟಿದ್ದರು. “ಏ ಅಣವೀರ, ಹೇಳಾಕ ಬಂದೀದ್ಯೋ, ಬೈಯಾಕ ಬಂದೀದ್ಯೋ? ಇವರೇನ್ ಖುಷಿಲೆ ಸುಡ್ತಾರಾ? ಕೂಸು ಚೀರಿದ್ರ ಬ್ಯಾರೆ ಏನ್ ಮಾಡ್ಬೇಕಂತ ಇವರಿಗಿ ಯಾರ್ ಹೇಳ್ಯಾರ? ಬಾಯಿ ಮುಚ್ಚಿ ಕೂಡು ಸ್ವಲ್ಪ” ಎಂದರು. ಕೂತೆ. ಅವರು ಕಟ್ಟೆಯ ಮೇಲೆ ಕುಳಿತು ಹೆಂಗಸರನ್ನು ಕರೆದರು. ಅವ್ವನೂ ಬಂದಳು, ನನ್ನ ಮರ್ಯಾದೆ ಹೋಗುವುದನ್ನು ನೋಡಲು. ಆಪಾ ಉಪದೇಶ ಮಾಡಲಿಲ್ಲ. ಒಂದೇ ಮಾತು ಕೇಳಿದರು: “ನಿಮಗ ಸಣ್ಣೋರಿದ್ದಾಗ ಬರಿ ಹಾಕಿದ್ರಲ್ಲ, ಕೈ ಯಾರು ಹಿಡಿದಿದ್ರು, ನೆನಪದ ಏನ್ರಿ?”

ಬರೆ ಹಾಕಿದವರ ನೆನಪು ಕೆಲವರಿಗೆ ಇರಲಿಲ್ಲ. ಕೈ ಹಿಡಿದವರ ಹೆಸರು ಮಾತ್ರ ಎಲ್ಲರ ನಾಲಿಗೆಯ ತುದಿಯಲ್ಲೇ ಇತ್ತು. ಮೂಲೆಮನೆಯ ಭಾಗ್ಯ ಅಂದಳು: “ನಮ್ಮ ಚಿಗವ್ವ ಹಿಡಿದಿದ್ಳು. ಭಾಳ ಛಲೋ ಹೆಣಮಗಳು. ಖರೇ ಹೇಳ್ತೀನಿ, ಇವತ್ತಿಗೂ ಅಕಿ ಕೈಯಾಗಿನ ನೀರು ಕುಡಿಯಾಕ ಮನಸ್ ಬರಂಗಿಲ್ಲ.” ಭಾಗ್ಯಳೇ ಮತ್ತೆ ಅಂದಳು: “ನಾ ಇನ್ನ ಯಾರ ಕೂಸಿನ ಕೈನೂ ಹಿಡ್ಯಾಂಗಿಲ್ಲ.” ಅವಳ ಹಿಂದೆ ಮತ್ತೊಬ್ಬಳು. ಹೀಗೆ ಏಳು ಮನೆಯವರು. ಇಬ್ಬರು ಒಪ್ಪದೆ ಎದ್ದು ಹೋದರು. ಸುಂದರಬಾಯಿ ಆಯಿ ತನ್ನ ಕೈ ನೋಡಿಕೊಳ್ಳುತ್ತ, “ಹಿಡಿಯೋರಿಲ್ಲಂದ್ರ ನಾ ಹ್ಯಾಂಗ ಹಾಕ್ಲಿ? ಕೂಸು ಒದ್ದಾಡಿ ಎಲ್ಲೆರ ಹತ್ತೀತು” ಎಂದಳು.

ಗೆದ್ದೆ ಅಂದುಕೊಂಡೆ. ಅವ್ವ ಸೆರಗು ಕೊಡವಿ ಎದ್ದಳು.

“ನನ್ನ ಮಗಳಿಗಿ ನಿಂತದ, ಮೊಮ್ಮಗಳಿಗೂ ನಿಂದರ್ತದ. ಯಾರೂ ಬರಬ್ಯಾಡ್ರಿ. ನಾ ಹಾಕ್ತೀನಿ, ದೇವಿಕಾ ಹಿಡೀತಾಳ. ಇಬ್ಬರು ಸಾಕು.”

ಈಗ ಉಳಿದಿರುವುದು ನಿನ್ನ ಎರಡು ಕೈ. ಓಣಿ ಕೈ ಬಿಟ್ಟಿದೆ, ನಾನು ಬಿಟ್ಟಿದ್ದೇನೆ. ಗುರುವಾರ ಪ್ರೀತಿಗೆ ಬರೆ ಬಿದ್ದರೆ ಅದು ಅವ್ವನಿಂದಲ್ಲ, ನಿನ್ನಿಂದ. ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಆಪಾ ಹೇಳಿ ಕಳಿಸಿದ್ದನ್ನೂ ಬರೆಯುತ್ತೇನೆ, ಅದರಲ್ಲಿ ನನ್ನ ವಿಷ ಇಲ್ಲ. ಇನ್ನು ಮೇಲೆ ಪ್ರತಿ ಬುಧವಾರ ಮಧ್ಯಾಹ್ನ ಊರಿನ ಅಂಗನವಾಡಿಯಲ್ಲಿ ತಾಯಂದಿರು ಮಕ್ಕಳನ್ನು ಕರೆದುಕೊಂಡು ಕೂಡುತ್ತಾರೆ. ಯಾರ ಮಗು ಅಂಜುತ್ತದೆ, ಯಾಕೆ ಅಂಜುತ್ತದೆ ಎಂದು ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ. ಬೇಕಾದರೆ ಚಿತ್ತಾಪುರದ ಸರಕಾರಿ ದವಾಖಾನೆಗೆ ಆಪಾನೇ ಕರೆದುಕೊಂಡು ಬರುತ್ತಾರೆ. ಮುಂದಿನ ಭಾನುವಾರ ಭಾಗ್ಯ ಮತ್ತು ಇನ್ನೂ ಮೂವರು ಹೆಂಗಸರು ನನ್ನ ಜೊತೆ ಶಹಾಬಾದಿಗೆ ಬಂದು, ಭೀಮಶಾನ ಹಿರಿಯರ ಮುಂದೆಯೇ ಅವನನ್ನು ಕೂರಿಸಿ ಕೇಳುತ್ತಾರೆ. ನನ್ನನ್ನು ಮಾತಾಡಲು ಬಿಡುವುದಿಲ್ಲವಂತೆ. ಅವನು ಮತ್ತೆ ಕೈ ಎತ್ತಿದರೆ ಮಗಳನ್ನು ಎತ್ತಿಕೊಂಡು ನಮ್ಮ ಓಣಿಗೆ ಬಾ. ಯಾವ ಮನೆಯ ಬಾಗಿಲಾದರೂ ಬಡಿ. ನೀನೇನು ಮಾಡಿದ್ದೆ ಎಂದು ಯಾರೂ ಕೇಳುವುದಿಲ್ಲ, ಮೊದಲು ರೊಟ್ಟಿ ಹಾಕುತ್ತಾರೆ. ಇದು ಅವರ ಮಾತು, ನನ್ನ ಕರಪತ್ರದ್ದಲ್ಲ.

ಪ್ರೀತಿಗೆ ನನ್ನ ಮುದ್ದು ಹೇಳು. ಅವಳು ಒದ್ದೆ ಮಾಡಿದ ಹಾಸಿಗೆಯನ್ನು ಬಿಸಿಲಿಗೆ ಹಾಕು, ಏನೂ ಅನ್ನಬೇಡ, ಅಷ್ಟೇ ಮದ್ದು. ನಿನಗೆ ಒಳ್ಳೆಯದಾಗಲಿ ಎನ್ನುವಷ್ಟು ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಒಳ್ಳೆಯದಾಗಲಿ. ನೂರು ವರ್ಷ ಬಾಳು, ಒಂದು ದಿನವೂ ಅಂಜದೆ ಬಾಳು.

ನಿನ್ನ ಅಣ್ಣ,
ಅಣವೀರ

ತಾ.ಕ.: ಇಷ್ಟು ಬರೆದು ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ನೀನು ಈ ಕಾಗದಕ್ಕೆ ಏನು ಉತ್ತರ ಕೊಡುತ್ತೀ ಎಂದು ಗೊತ್ತಿದೆ. ನನಗ ಹಾಕಿದ ಮ್ಯಾಲ ನಿಂತಿತ್ತಲ್ಲ ಎನ್ನುತ್ತೀ. ಆ ಮಾತಿಗೆ ಯಾವ ಕರಪತ್ರದಲ್ಲೂ ಉತ್ತರವಿಲ್ಲ. ನನ್ನ ಹತ್ತಿರ ಮಾತ್ರ ಇದೆ.

ನೀನು ಒಂದು ದಿನವೂ ಹಾಸಿಗೆ ಒದ್ದೆ ಮಾಡಿರಲಿಲ್ಲ. ಮಾಡುತ್ತಿದ್ದವನು ನಾನು. ನನಗೆ ಎಂಟು ವರ್ಷ, ನಿನಗೆ ಐದು, ಇಬ್ಬರಿಗೂ ಒಂದೇ ಕೌದಿ. ಅಪ್ಪ ಬಾಗಿಲಿಗೆ ಬಂದ ಸದ್ದು ಕೇಳಿದರೇ ನನಗೆ ಆಗಿಬಿಡುತ್ತಿತ್ತು. ಬೆಳಿಗ್ಗೆ ನಿನಗಿಂತ ಮೊದಲು ಎದ್ದು ಚಡ್ಡಿ ಬದಲಿಸಿಕೊಂಡು, ನಿದ್ದೆಯಲ್ಲಿದ್ದ ನಿನ್ನನ್ನು ಒದ್ದೆಯ ಕಡೆಗೆ ಹೊರಳಿಸುತ್ತಿದ್ದೆ. ಯಾರು ಮಾಡಿದ್ದು ಎಂದು ಅವ್ವ ಕೇಳಿದರೆ ತಂಗಿ ಎನ್ನುತ್ತಿದ್ದೆ. ನೀನೂ ನಂಬಿದೆ. ನಿನಗೆ ಬರೆ ಹಾಕಿದ ಮೇಲೆ ನಾನು ಕೌದಿ ಬಿಟ್ಟು ಹೊರಗೆ ಕಟ್ಟೆಯ ಬಂಡೆಯ ಮೇಲೆ ಮಲಗತೊಡಗಿದೆ. ಬಂಡೆ ಬಿಸಿಲಿಗೆ ಬೇಗ ಒಣಗುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ನನಗೆ ಹನ್ನೊಂದು ತುಂಬುವವರೆಗೂ ಅದು ನಿಲ್ಲಲಿಲ್ಲ. ನಿನಗೆ ನಿಂತಿತು ಎಂದು ಓಣಿ ನಂಬಿತು. ಆ ನಂಬಿಕೆಯಿಂದ ಸುಟ್ಟ ಮಕ್ಕಳೆಲ್ಲರ ಪಾಪ ನನ್ನ ಪಾಲಿಗೆ. ಗುರುವಾರ ಊರಿಗೆ ಹೋಗಿ ಕಟ್ಟೆಯ ಮೇಲೆ ಎಲ್ಲರ ಮುಂದೆ ಇದನ್ನು ಹೇಳುತ್ತೇನೆ, ನೀನು ಬಂದರೂ, ಬಾರದಿದ್ದರೂ.

ನಿನಗೆ ಬರೆ ಹಾಕಿದ ದಿನ ಮಾವ ಬಂದಿರಲಿಲ್ಲ. ಅಣ್ಣ ಹಿಡಿದ್ರೂ ನಡೀತದ ಎಂದಳು ಅವ್ವ. ಅವಳು ನಿನ್ನ ಕಣ್ಣು ಮುಚ್ಚಿದ್ದಳು, ಆದ್ದರಿಂದ ನೀನು ನೋಡಲಿಲ್ಲ. ನಿನ್ನ ಕಾಲು ಹಿಡಿದದ್ದು ನಾನು. ಗಟ್ಟಿಯಾಗಿ ಹಿಡಿದೆ. ಮುಗಿದ ಮೇಲೆ ಅವ್ವ ನಿನ್ನ ಕೈಗೆ ಒಂದು ಹೆಂಟೆ ಬೆಲ್ಲ ಕೊಟ್ಟಳು. ನಾನು ಮೂಲೆಯಲ್ಲಿ ನಿಂತು ಅಳುತ್ತಿದ್ದೆ. “ಅಳಬ್ಯಾಡ ಅಣ್ಣಾ, ನನಗೇನ್ ಭಾಳ ಉರಿಯಾಕತ್ತಿಲ್ಲ” ಎಂದು, ನೀನು ಬೆಲ್ಲವನ್ನು ಕಚ್ಚಿ ಅರ್ಧ ನನಗೆ ಕೊಟ್ಟೆ.

ನಾನು ತಿಂದೆ.