ಬೆನ್ನಿನ ಕೆಮ್ಮಣ್ಣು

ಅಕ್ಕಾ,

ಗಜೇಂದ್ರಗಡದ ಗುಡ್ಡವನ್ನು ನಾನು ಒಮ್ಮೆ ಬಲಹೆಗಲು ಕೊಟ್ಟು ಎರಡು ಮಾರು ಸರಿಸಿದ್ದೇನೆ. ಊರವರು ಬೈದರೆಂದು ಮತ್ತೆ ಅಲ್ಲೇ ಇಟ್ಟೆ. ನಲವತ್ತೈದಾದರೂ ನಿನ್ನ ತಮ್ಮನ ಬೆನ್ನು ಒಂದು ಕುಸ್ತಿಯಲ್ಲೂ ನೆಲ ಮುಟ್ಟಿಲ್ಲ. ನಗಬೇಡ.

ಅಸೂಟಿಯ ಕುಸ್ತಿ ನೆನಪಿದೆಯಾ? ಎದುರಾಳಿ ಮೊಣಕೈಯಿಂದ ನನ್ನ ಕಿವಿ ಜಜ್ಜಿ, ಕತ್ತು ಹಿಸುಕಿ, ಅಂಗಾತ ಕೆಡವಿದ್ದ. ಸೋತವನ ಬೆನ್ನಿಗೇ ಕಣದ ಕೆಮ್ಮಣ್ಣು ಮೆತ್ತುತ್ತದಲ್ಲ, ಅದಕ್ಕೆ ಊರ ಹೊರಗೆ ನಿಂತು ಎದೆಗೂ ಮಣ್ಣು ಬಳಿದುಕೊಂಡು ಬಂದೆ. ನೀನು ಬಿಸಿನೀರು ಸುರಿಯುತ್ತ, “ಬೆನ್ನ ಮ್ಯಾಲಿನ ಮಣ್ಣು ಚರ್ಮದಾಗ ಹೊಕ್ಕೈತಿ, ಎದಿ ಮ್ಯಾಲಿಂದು ಪುಡಿಪುಡಿ ಉದರತೈತಿ. ಯಾರಿಗೆ ಹೇಳ್ತಿ ಲೇ?” ಎಂದೆ.

“ಬಾಯಾಗ ಹಲ್ಲ ಅದಾವ, ಈಗ ಬಿಟ್ಟಬಿಡೊ” ಎಂದು ನೀನು ಅತ್ತಾಗಲೂ ಕುಸ್ತಿ ಬಿಡಲಿಲ್ಲ. ಹೆದರಿಕೆ, ಅಕ್ಕಾ. ಹೊಡೆತಕ್ಕಲ್ಲ. ಅರಳೆ ವ್ಯಾಪಾರಿಯ ಮನೆಯಿಂದ ಹಾಲು, ಜೋಳ ಬರುತ್ತಿದ್ದದ್ದು ಕುಸ್ತಿ ಆಡುವವರೆಗೆ ಮಾತ್ರ. ಬಿಟ್ಟ ಮರುದಿನ? ನೀನು ತೀರಿಹೋದ ಮೇಲೆ ನಿನ್ನ ಮಗಳು ಗಂಗವ್ವನ ತಟ್ಟೆಗೆ ಏನು ಹಾಕಲಿ...

ಕೂಡಿಟ್ಟದ್ದನ್ನೆಲ್ಲ ನನ್ನ ಮೇಲೆಯೇ ಪಂದ್ಯ ಕಟ್ಟಿ, ಇಮ್ಮಡಿ ಮಾಡಿಕೊಂಡು ಲಂಗೋಟಿ ಬಿಚ್ಚಿಡಬೇಕೆಂದು ಮೊನ್ನೆ ನರೇಗಲ್ಲಿನ ಕಣಕ್ಕಿಳಿದೆ. ಎದುರಿಗೆ ನರಗುಂದದ ಎಳೆಯ ಜಟ್ಟಿ. ಮೊದಲು ನಾನೇ ಹಣೆಯಿಂದ ಗುದ್ದಿ ಅವನ ಮೂಗು ಒಡೆದೆ. ಅವನು ರಕ್ತ ಉಗುಳಿ ನಕ್ಕ. ನನ್ನ ಬಲಗೈಯನ್ನು ಬೆನ್ನ ಹಿಂದೆ ತಿರುವಿ, ಮೊಣಕಾಲೂರಿ ಜಗ್ಗಿದ. ಹಸಿ ದಂಟು ಮುರಿದಂಥ ಸದ್ದು. ಅಂಗಾತ ಬಿದ್ದವನ ಬಾಯಿಗೆ ಮೊಣಕೈ. ಮೂರು ಹಲ್ಲು ಮಣ್ಣುಪಾಲು. “ಹಾಕ್! ಇನ್ನೊಂದ ಹಾಕ್!” ಎಂದು ಜನ ಕೂಗುತ್ತಿದ್ದರು. ನನಗೆ ಹಾಲು ಕೊಡುವವನ ದನಿಯೂ ಅದರಲ್ಲಿತ್ತು.

ಈ ಸಲ ಎದೆಗೆ ಮಣ್ಣು ಬಳಿದುಕೊಳ್ಳಲು ಕೈ ಏಳಲಿಲ್ಲ. ಗಂಗವ್ವ ನೀರು ಸುರಿಯುತ್ತ ಬೆನ್ನು ನೋಡಿದಳು.

“ಮಾಮಾ, ಸೋತ್ಯಾ?”

“ಸೋತೆವ್ವಾ. ಕುಸ್ತೀನೂ ಬಿಟ್ಟೆ.”

“ಹಂಗಾರ ನಾಳಿಂದ ನೀ ನೂಲಿನ ಕಂಡಿಕಿ ಸುತ್ತು. ನಾ ನೇಯ್ತೀನಿ.”

ಬಿಟ್ಟ ಮರುದಿನವೂ ರೊಟ್ಟಿ ಇತ್ತು, ಅಕ್ಕಾ. ನಿನ್ನ ಮಗ್ಗ ಮತ್ತೆ ಸದ್ದು ಮಾಡುತ್ತಿದೆ. ಎಡಗೈಯಲ್ಲಿ ನೂಲು ಸುತ್ತುವುದರಲ್ಲಿ ಮುಂಬಯಿವರೆಗೆ ನನ್ನಂಥವನಿಲ್ಲ. ಇದು ಮಾತ್ರ ಖರೇ.

ಪಂದ್ಯದಲ್ಲಿ ಹೋದದ್ದು ನಲವತ್ತು ರೂಪಾಯಿ ಎಂದು ಊರಿಗೆ ಹೇಳಿದ್ದೇನೆ. ಗಂಗವ್ವನಿಗೆ, ನೂರು. ನಿನ್ನ ಮುಂದೆ ಎದೆಗೆ ಮಣ್ಣು ಬಳಿದು ಏನು ಪ್ರಯೋಜನ? ಅವಳ ಮದುವೆಗೆಂದು ನೀನು ಬಿಟ್ಟುಹೋದ ಚಿನ್ನದ ಬೋರಮಾಳ ಸರ ಮಾರಿದ್ದೂ ಸೇರಿ, ಮುನ್ನೂರ ಹನ್ನೆರಡು.