ನಿಲ್ಲಿಸದೆ ಬಿಟ್ಟ ಬಾಲಯೇಸು

ಲಾ ಕುಚಿಯಾ, ಮೇರಿದಾ ಬೆಟ್ಟಸೀಮೆ
ಜನವರಿ ೨೯

ಕಳ್ಳಿ ಉಬಾಲ್ದಿನಾ,

ಪ್ರೀತಿಯ ಅಂತ ಬರೆಯೋಕೆ ಹೋದೆ, ಕೈ ಬರಲಿಲ್ಲ. ಆಗಸ್ಟ್‌ನಿಂದ ನಿನ್ನ ಹತ್ತಿರ ಮಾತು ಬಿಟ್ಟವಳು ಈಗ ಕಾಗದ ಬರೆಯುತ್ತಿದ್ದಾಳೆ ಅಂದರೆ ಕೋಪ ಇಳಿದಿದೆ ಅಂತ ತಿಳಿಯಬೇಡ. ನನ್ನ ಗಂಡ ರೊಸೆಂದೊ ಆಲೂಗಡ್ಡೆ ಚೀಲ ಹೊತ್ತು ಕಣಿವೆಯ ಆಚೆ ನಿನ್ನ ಮನೆ ಮುಂದೆಯೇ ಹೋಗುತ್ತಾನಲ್ಲ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಮ್ಮ ಕ್ರಿಸ್‌ಮಸ್ ಗೋದಲಿಯಿಂದ ಬಾಲಯೇಸುವಿನ ಗೊಂಬೆಯನ್ನು ಎತ್ತಿಕೊಂಡು ಹೋದವಳು ನೀನೇ. ಇಲ್ಲ ಅನ್ನಬೇಡ. ಬೇರೆ ಯಾರೇ ಅಂಗಳಕ್ಕೆ ಕಾಲಿಟ್ಟಿದ್ದರೂ ಕನೇಲಾ ಊರೆಲ್ಲ ಒಂದಾಗುವ ಹಾಗೆ ಬೊಗಳುತ್ತಿತ್ತು. ನಾಯಿ ಸುಮ್ಮನಿತ್ತು. ನನ್ನ ಲೆಯಾಂದ್ರೊಗೆ ಅಂತ ಸಿಹಿ ರೊಟ್ಟಿ ತಂದಾಗಲೆಲ್ಲ ಅದಕ್ಕೂ ಒಂದು ತುಂಡು ಹಾಕುತ್ತಿದ್ದೆಯಲ್ಲ, ಆ ಋಣ ತೀರಿಸಿತು.

ಪದ್ಧತಿ ನಿನ್ನ ಕಡೆಗೇ ಇದೆ, ಗೊತ್ತು. ಹೊಸ ವರ್ಷ ಬಂದ ಮೇಲೂ ಬಾಲಯೇಸುವನ್ನು ಎಬ್ಬಿಸಿ ನಿಲ್ಲಿಸದೆ ಹುಲ್ಲಿನ ಮೇಲೆ ಮಲಗಿಸಿಯೇ ಬಿಟ್ಟರೆ ಯಾರು ಬೇಕಾದರೂ ಕದಿಯಬಹುದು. ಕಳೆದುಕೊಂಡವರು ಫೆಬ್ರವರಿ ಎರಡರ ಮೇಣದಬತ್ತಿ ಹಬ್ಬದೊಳಗೆ ಪಿಟೀಲು, ಹಾಡು ಕಟ್ಟಿಕೊಂಡು ಮನೆಮನೆ ಹುಡುಕಬೇಕು, ಸಿಕ್ಕಿದವನನ್ನು ಕರವಸ್ತ್ರದಲ್ಲಿ ತೂಗುತ್ತಾ ತಂದು ನಿಲ್ಲಿಸಬೇಕು, ಬಂದವರಿಗೆಲ್ಲ ಕೇಕು ವೈನು ಕೊಡಬೇಕು. ಹುಡುಗಿಯರಾಗಿದ್ದಾಗ ನಾವಿಬ್ಬರೂ ಎಷ್ಟು ಮನೆಯಲ್ಲಿ ಕದ್ದಿಲ್ಲ! ಆದರೆ ನಾನು ನಿಲ್ಲಿಸದೆ ಬಿಟ್ಟಿದ್ದು ಮರೆತು ಅಲ್ಲ, ಬೇಕೆಂದೇ.

ಯಾಕೆ ಅಂತ ರೊಸೆಂದೊಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ, ದೀಕ್ಷಾಸ್ನಾನದ ದಿನ ನನ್ನ ಮಗನನ್ನು ತೋಳಲ್ಲಿ ಹಿಡಿದು ಅವನ ಪರವಾಗಿ ದೇವರಿಗೆ ಮಾತು ಕೊಟ್ಟು ನನಗೆ ಕೊಮಾದ್ರೆಯಾದವಳು ನೀನು. ವರ್ಷ ತುಂಬಿದರೂ ಲೆಯಾಂದ್ರೊ ಕಾಲು ಊರಲಿಲ್ಲ. ಎರಡಾಯಿತು, ಮೂರಾಯಿತು, ಇಲ್ಲ. ಪ್ರತಿ ಜನವರಿ ಬಾಲಯೇಸುವನ್ನು ನಿಲ್ಲಿಸುವಾಗ ನೀವೆಲ್ಲ ಹಾಡುತ್ತಿದ್ದರೆ ನಾನು ಒಳಗೊಳಗೇ ಅನ್ನುತ್ತಿದ್ದೆ: ಸ್ವಾಮಿ, ನಿನ್ನ ಮಗನನ್ನ ನಾನು ನಿಲ್ಲಿಸಿದೀನಿ, ನನ್ನ ಮಗನನ್ನ ನೀನು ನಿಲ್ಲಿಸಪ್ಪ. ನನ್ನ ಕೂಸು ಒಂದು ದಿನವೂ ಗೋಡೆ ಹಿಡಿದು ಕೂಡ ನಿಲ್ಲಲಿಲ್ಲ, ಆಗಸ್ಟ್‌ನ ಜ್ವರದಲ್ಲಿ ಮಲಗಿದಲ್ಲೇ ಹೋಯಿತು. ಆಮೇಲೆ ದೇವರ ಮಗನನ್ನು ನಾನು ಯಾವ ಮುಖ ಇಟ್ಟುಕೊಂಡು ಎಬ್ಬಿಸಲಿ? ನನ್ನವನು ಮಲಗಿದ್ದಾನೆ, ಅವನವನೂ ಮಲಗಿರಲಿ ಅಂದುಕೊಂಡೆ. ಇದು ಪಾಪವಾದರೆ ಆಗಲಿ.

ಇನ್ನು ನಿನ್ನ ಮೇಲಿನ ಸಿಟ್ಟು. ಆವತ್ತು, ತೀರಿಕೊಂಡ ಮಗು ದೇವದೂತ ಅಂತ ಅದಕ್ಕೆ ಕಾಗದದ ರೆಕ್ಕೆ ಕಟ್ಟಿ ಮೇಜಿನ ಮೇಲೆ ಮಲಗಿಸಿದ್ದಾಗ ನಾನು ಬಾಯಿ ತೆಗೆದು ಅಳೋಕೆ ಹೋದರೆ ನೀನು ನನ್ನ ಬಾಯಿಗೆ ಕೈ ಅಡ್ಡ ಇಟ್ಟೆ. ಅಳಬೇಡ ಕಣೇ, ತಾಯಿ ಕಣ್ಣೀರು ಬಿದ್ರೆ ರೆಕ್ಕೆ ಒದ್ದೆಯಾಗುತ್ತೆ, ಮಗು ಮೇಲಕ್ಕೆ ಹಾರೋಕಾಗಲ್ಲ ಅಂದೆ. ಹೆಂಗಸರೆಲ್ಲ ಹೌದೌದು ಅಂದರು. ನಡೆಯೋಕೆ ಕಾಲು ಕೊಡದವನು ಹಾರೋಕೆ ರೆಕ್ಕೆ ಕೊಟ್ಟನಂತೆ! ಆದರೂ ನಾನು ಅಳಲಿಲ್ಲ ಕೊಮಾದ್ರೆ. ಎಲ್ಲಾದರೂ ನಿಜವಿದ್ದರೆ ಅಂತ ಹೆದರಿ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅಳೋಣ ಅಂದರೆ ಅಳು ಬರಲಿಲ್ಲ. ನಿನ್ನ ಮುಖ ಕಂಡರೆ ಆ ಕೈ ನೆನಪಾಗುತ್ತಿತ್ತು, ಬಾಗಿಲು ಹಾಕಿಕೊಂಡೆ. ಪಾದ್ರಿಗಳು ಬಂದು, ಡೊಮಿತಿಲಾ, ದೇವರನ್ನ ಬಿಡಬೇಡಮ್ಮ ಅಂದರು. ನಾನೆಲ್ಲಿ ಬಿಟ್ಟೆ ಫಾದರ್, ಅವನೇ ಮನೆ ಬಿಟ್ಟು ಹೋಗಿದಾನೆ ಅಂದೆ. ಪಾಪ, ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಮೊನ್ನೆ ಬೆಳಗ್ಗೆ ಬೆಳ್ಳುಳ್ಳಿ ಕಿತ್ತು ಒಳಗೆ ಬಂದರೆ ಗೋದಲಿ ಖಾಲಿ. ಹುಲ್ಲಿನಲ್ಲಿ ಅವನು ಮಲಗಿದ್ದ ಗುಳಿ ಮಾತ್ರ. ಪೀಡೆ ತೊಲಗಿತು ಅಂದುಕೊಂಡೆ. ಆಮೇಲೆ ನೋಡಿದರೆ ಮಂಡಿಯೂರಿ ಹುಡುಕುತ್ತಿದ್ದೇನೆ! ಮಂಚದ ಕೆಳಗೆ, ಒಲೆಯ ಹಿಂದೆ, ಆಲೂಗಡ್ಡೆ ರಾಶಿಯೊಳಗೆ. ಕದ್ದಿದ್ದಾರೆ ಅಂತ ಗೊತ್ತಿದ್ದೂ ಹುಡುಕಿದೆ. ಎಲ್ಲಿದೀಯೋ, ಬಾರೋ ಕಂದ ಅಂತ ಕೂಗಿದೆ. ಇಬ್ಬರಲ್ಲಿ ಯಾರನ್ನು ಕೂಗಿದೆನೋ ನನಗೇ ಗೊತ್ತಿಲ್ಲ. ಅಲ್ಲೇ ಅಳು ಬಂತು ನೋಡು, ಆಗಸ್ಟ್‌ನ ಅಳು. ರೊಸೆಂದೊ ಹೊಲದಿಂದ ಓಡಿ ಬಂದ. ಮಗು ರೆಕ್ಕೆ ಒದ್ದೆಯಾಗುತ್ತೆ ಅಂತ ನಾನು ತೊದಲಿದರೆ, ಇಷ್ಟೊತ್ತಿಗೆ ತಲುಪಿರ್ತಾನೆ ಕಣೇ, ಅಳು ಅಂದ. ಬಾಯಿ ಬಿಟ್ಟರೆ ಮುತ್ತು ಉದುರುತ್ತೆ ಅನ್ನುವ ಹಾಗಿರುವ ಮನುಷ್ಯ, ಅಷ್ಟು ಹೇಳಿ ತಾನೂ ಪಕ್ಕದಲ್ಲಿ ಕೂತು ಅತ್ತ.

ದೇವರು ಸಿಕ್ಕಿಬಿಟ್ಟ ಅಂತ ನಿನಗೆ ಸುಳ್ಳು ಬರೆಯಲಾರೆ. ಜಪಸರ ಮುಟ್ಟಿದರೆ ಇನ್ನೂ ಕೈ ಒಲ್ಲೆ ಅನ್ನುತ್ತದೆ. ಬೇಡ ಅಂದವನನ್ನೇ ಹುಡುಕುತ್ತಿದ್ದೇನೆ, ಅಷ್ಟು ಮಾತ್ರ ಗೊತ್ತು. ಹಬ್ಬದ ದಿನ ಪೂಜೆ ಮುಗಿದ ಮೇಲೆ ಪಿಟೀಲಿನವರನ್ನು ಕರೆದುಕೊಂಡು ಹೊರಡುತ್ತೇನೆ. ನಿನ್ನ ಮನೆಗೆ ಕೊನೆಗೆ ಬರುತ್ತೇನೆ, ಏನೂ ಅರಿಯದವಳ ಹಾಗೆ ಬಾಗಿಲಲ್ಲಿ ನಿಂತಿರು. ಅವನನ್ನು ನಿಲ್ಲಿಸುತ್ತೇನೋ ಇಲ್ಲವೋ, ಕೈಗೆ ಎತ್ತಿಕೊಂಡ ಮೇಲೆ ನೋಡೋಣ. ನನ್ನೊಬ್ಬಳ ಕೈಲಿ ಆಗದಿದ್ದರೆ ನೀನೂ ಕೈ ಹಾಕು. ನನ್ನ ಬಾಯಿಗೆ ಮಾತ್ರ ಕೈ ಅಡ್ಡ ಇಡಬೇಡ, ನಿನ್ನ ದಮ್ಮಯ್ಯ.

ಸಿಟ್ಟು ಇನ್ನೂ ಆರದ ನಿನ್ನ ಕೊಮಾದ್ರೆ,
ಡೊಮಿತಿಲಾ

ತಾ.ಕ.: ಬಾಲಯೇಸುವಿನ ಕೆಳಗೆ ಹಾಸಿದ್ದ ನೀಲಿ ಉಣ್ಣೆಯ ಟೋಪಿ ಲೆಯಾಂದ್ರೊನದು. ಜ್ವರದಲ್ಲೂ ಅದನ್ನು ತೆಗೆಯೋಕೆ ಬಿಟ್ಟಿರಲಿಲ್ಲ ನನ್ನ ಮಗ. ಅದನ್ನೂ ಸೇರಿಸಿಯೇ ಎತ್ತಿಕೊಂಡು ಹೋಗಿದ್ದೀಯ. ಅವನ ತಲೆಯ ವಾಸನೆ ಉಳಿದಿರುವುದು ಅದೊಂದರಲ್ಲೇ, ತೊಳೆಯಬೇಡ. ಕೊಳೆ ಕಂಡರೆ ನಿನ್ನ ಕೈ ಸುಮ್ಮನಿರುವುದಿಲ್ಲ ಅಂತ ಗೊತ್ತು. ಆಗಲೇ ತೊಳೆದುಬಿಟ್ಟಿದ್ದರೆ, ನನಗೆ ಹೇಳಬೇಡ.