ಪಟೇಲನ ಉಸಿರು, ನಮ್ಮ ನೀರು

ಮಧುರೆ ಹೋಬಳಿ
೭–೧೨–೧೯೪೭, ಭಾನುವಾರ

ಮಾರಕ್ಕನಿಗೆ ಪಿಳ್ಳಣ್ಣ ಬರೆಯುವುದು.

ಆಡಿದ ಮಾತು ಯಾವುದು, ತಪ್ಪಿದ ಮಾತು ಯಾವುದು, ಮೊದಲು ಅದನ್ನು ಹೇಳಿಬಿಡುತ್ತೇನೆ.

ತನ್ನ ಉಬ್ಬಸ ಇಳಿಸಿಕೊಟ್ಟರೆ ಊರಬಾವಿಯಲ್ಲಿ ನಮ್ಮ ಕೇರಿಯವರು ನೀರು ಸೇದಬಹುದು ಎಂದಿದ್ದ ಪಟೇಲ ವೆಂಕಟರಾಯಪ್ಪ. ಸೇದಗೊಡಲಿಲ್ಲ. ದಸರೆ ಕಳೆಯಲಿ ಎಂದ, ಕಳೆಯಿತು. ದೀಪಾವಳಿ ಆಗಲಿ ಎಂದ, ಆಯಿತು. ಈಗ ರಾಗಿ ಕುಯ್ಲು ಮುಗಿಯಲಿ ಎನ್ನುತ್ತಿದ್ದಾನೆ. ಪ್ರಜೆಗಳ ಸರ್ಕಾರ ಬಂತು ಎಂದು ಊರ ತುಂಬ ತಮಟೆ ಬಡಿದವರು ನಮ್ಮವರು. ಬಡಿದವರು ಇವತ್ತಿಗೂ ಕುಂಟೆಯ ಕೆಸರು ನೀರನ್ನು ಸೀರೆ ಸೆರಗಿನಲ್ಲಿ ಸೋಸಿ ಕುಡಿಯುತ್ತಿದ್ದಾರೆ.

ನಾನು ನಿನಗೆ ಕೊಟ್ಟ ಮಾತೂ ಇದೆ. ಹಬ್ಬದೊಳಗೆ ನಿನ್ನ ಕೊಡಕ್ಕೆ ಬಾವಿ ನೀರು ತುಂಬಿಸುತ್ತೇನೆ ಎಂದಿದ್ದೆ. ತುಂಬಿಸಲಿಲ್ಲ. "ಅವನ ಅಂಗಳದಾಗೆ ನಿಂತ್ಕೊಂಡು ಅವನ ಉಸ್ರು ಕಾಯೋನು ನನ್ ಗಂಡ ಅಲ್ಲ. ನೀರು ಬಂದ ದಿನ ಹೇಳ್ಕಳ್ಸು" ಎಂದು ನೀನು ನಲ್ಲೂರಿಗೆ, ತವರಿಗೆ ಹೊರಟುಹೋದೆ. ಅದಕ್ಕೇ ಮೇಲೆ ಸೌಭಾಗ್ಯವತಿ ಎಂದು ಬರೆಯಲು ಕೈ ಏಳಲಿಲ್ಲ. ನೀನು ಅಕ್ಷರ ಕೂಡಿಸಿಕೊಂಡು ಓದುವವಳು, ದೊಡ್ಡದಾಗಿ ಬರೆದಿದ್ದೇನೆ. ನಿಮ್ಮಣ್ಣನ ಕೈಲಿ ಓದಿಸಬೇಡ.

ಬೈಯುವ ಮೊದಲು ಕೇಳು.

ನಲವತ್ತೆರಡರ ಚಳವಳಿಯಲ್ಲಿ ಜೈಲಿಗೆ ಹೋದೆನಲ್ಲ, ಆಗ ನನ್ನ ಕೊಠಡಿಯಲ್ಲೇ ಇದ್ದ ಲಕ್ಷ್ಮಯ್ಯ ಮೇಷ್ಟ್ರು ನನಗೆ ಯೋಗ ಕಲಿಸಿದ್ದು ಬಾಯಿಂದಲ್ಲ, ಕೈಯಿಂದ. ಲಾಠಿ ಬಿದ್ದ ನನ್ನ ಬೆನ್ನಿನ ಮೇಲೆ ಅಂಗೈಯಿಟ್ಟು, ಇಲ್ಲಿಗೆ ಉಸಿರು ಕಳಿಸು ಎನ್ನುತ್ತಿದ್ದರು. ಅದೇ ಕೊಠಡಿಯ ಹೊಟ್ಟೆನೋವಿನವನಿಗೆ ಬೇರೆ ಪಾಠ, ನಿದ್ದೆ ಬಾರದವನಿಗೆ ಇನ್ನೊಂದು. ಮನುಷ್ಯನನ್ನು ನೋಡದೆ ಪಾಠ ಕಟ್ಟಬೇಡ, ಪಾಠ ಮುಗಿದ ಮೇಲೆ ಎಲ್ಲಿ ತಪ್ಪಿತು ಎಂದು ಕೂತು ಯೋಚಿಸು, ಇದು ಅವರ ದಾರಿ. ರೋಗಿಯ ಜಾತಿ ಕೇಳಬೇಡ ಎಂದೂ ಹೇಳಿದ್ದರು. ರೋಗಿಯೇ ನಮ್ಮ ಜಾತಿ ಕೇಳಿದರೆ ಏನು ಮಾಡಬೇಕೆಂದು ಮಾತ್ರ ಹೇಳಿಕೊಡಲಿಲ್ಲ.

ಡಾಕ್ಟರ ಸೂಜಿಗೂ ನಾಟಿ ಮದ್ದಿಗೂ ಬಗ್ಗದ ಉಬ್ಬಸ ಪಟೇಲನದು. ದಪ್ಪ ಮೈ, ಅಂಗಾತ ಮಲಗಿದರೆ ದಮ್ಮು ಕಟ್ಟುತ್ತದೆ. ಆದ್ದರಿಂದ ಗೋಡೆಗೊರಗಿ ಕೂತು ಮಾಡುವ ಪಾಠ ಕಟ್ಟಿದೆ. ತೋಳು ಎತ್ತುತ್ತ ಉಸಿರು ಒಳಗೆ, ಇಳಿಸುತ್ತ ನಿಧಾನವಾಗಿ ಹೊರಗೆ. ನಡುವೆ ಹಿಡಿಯಬಾರದು. ಉಬ್ಬಸದವರಿಗೆ ಎಳೆದುಕೊಳ್ಳುವುದಕ್ಕಿಂತ ಬಿಡುವುದೇ ಕಷ್ಟ, ಬಿಡುವುದನ್ನೇ ಕಲಿಸಬೇಕು. ಪಾಠದಲ್ಲಿ ತಪ್ಪಿರಲಿಲ್ಲ, ಈಗಲೂ ಹೇಳುತ್ತೇನೆ.

ಆದರೆ ಅವನು ಜಗುಲಿಯ ಮೇಲೆ ಶಾಲು ಹೊದ್ದು ಕೂತಿದ್ದಾನೆ, ನಾನು ಕೆಳಗೆ ಅಂಗಳದಲ್ಲಿದ್ದೇನೆ. ಮುಟ್ಟುವಂತಿಲ್ಲ. ಮುಟ್ಟುವುದಿರಲಿ, ಆಳುಗಳ ಎದುರಿಗೆ ಕೇರಿಯವನು ಉಸಿರು ಬಿಡಿ ಎಂದರೆ ಪಟೇಲ ಬಿಟ್ಟುಬಿಡುವುದೇ? ಮರ್ಯಾದೆ ಏನಾಗಬೇಕು? ಅದಕ್ಕೆ ನಾನು ಹೇಳಿದ್ದನ್ನು ಅವನ ಹೆಂಡತಿ ಮುನಿತಾಯಮ್ಮ ಬಾಗಿಲ ಮರೆಯಿಂದ ದಾಟಿಸಬೇಕು. ಆಕೆಯೂ ಗಂಡನಿಗೆ ಅಪ್ಪಣೆ ಮಾಡುವಂತಿಲ್ಲ. ಜಗುಲಿಯ ಕಂಬದ ಕಡೆ ಮುಖ ಮಾಡಿ, "ಬಿಡ್ಬೇಕಂತೆ" ಎನ್ನುತ್ತಾಳೆ.

"ಏನ್ ಬಿಡ್ಬೇಕಂತೆ?"

"ಉಸ್ರಂತೆ."

"ಈಗ್ಲೋ, ಆಮೇಲೋ?"

"ನನ್ನೇನ್ ಕೇಳ್ತೀರ, ಅಲ್ಲಿ ನಿಂತವ್ನಲ್ಲ ಪಂಡಿತ, ಅವನ್ನ ಕೇಳಿ."

ಅವನು ನನ್ನನ್ನು ಕೇಳುವುದಿಲ್ಲ. ಬಿಡಬೇಕಾದ ಉಸಿರನ್ನು ಕಟ್ಟಿ ಹಿಡಿದುಕೊಂಡೇ ಕೂತಿರುತ್ತಾನೆ. ಮುಖ ಕೆಂಪಾಗುತ್ತದೆ. ನಾನು ಬಿಡಿ ಎಂದದ್ದು ಕಂಬ ಸುತ್ತಿ ಅವನ ಕಿವಿಗೆ ಬೀಳುವಷ್ಟರಲ್ಲಿ ಇತ್ತ ಎಳೆದುಕೊಳ್ಳಿ ಎಂದಿರುತ್ತೇನೆ. ದಿನದಿಂದ ದಿನಕ್ಕೆ ಉಬ್ಬಸ ಜಾಸ್ತಿಯಾಯಿತು. ನಾನು ಮೂರ್ಖ, ಪಾಠ ಬದಲಾಯಿಸಿದೆ, ಹೊತ್ತು ಬದಲಾಯಿಸಿದೆ, ಮೊಸರು ಬಿಡಿಸಿದೆ. ಅವನ ಮೈಯೆಲ್ಲ ಹುಡುಕಿದೆ. ಮಾತು ದಾಟಿ ಬರುವ ದಾರಿಯಲ್ಲಿ ಹುಡುಕಲಿಲ್ಲ. ಚಿಕ್ಕಂದಿನಿಂದ ಹಾಗೇ ದೂರ ನಿಂತು ಮಾತಾಡಿದವನಿಗೆ ಅದರಲ್ಲಿ ವಿಶೇಷವೇ ಕಾಣಲಿಲ್ಲ ನೋಡು.

ಮೊನ್ನೆ ಶುಕ್ರವಾರ ಪಕ್ಕದಲ್ಲಿ ಕಣ ಗುಡಿಸುತ್ತಿದ್ದರು. ಧೂಳು ಜಗುಲಿಗೆ ಬಂತು. ಪಟೇಲ ಎತ್ತಿದ ತೋಳು ಹಾಗೇ ನಿಂತುಬಿಟ್ಟಿತು. ತುಟಿ ನೀಲಿಯಾಯಿತು. ನಾನು ಬಿಡಿ ಬಿಡಿ ಎಂದು ಕೂಗಿದೆ. ಮುನಿತಾಯಮ್ಮ ಕಂಬದ ಕಡೆ ತಿರುಗಿದಳು. ಆಗ ಹಾರಿ ಜಗುಲಿ ಹತ್ತಿಬಿಟ್ಟೆ. ಶಾಲು ಕಿತ್ತೆಸೆದು, ಒಂದು ಕೈ ಹೊಟ್ಟೆಯ ಮೇಲೆ, ಒಂದು ಬೆನ್ನ ಮೇಲೆ ಇಟ್ಟು ಮುಂದಕ್ಕೆ ಬಾಗಿಸಿದೆ. ಬಿಡಿ ಎನ್ನಲಿಲ್ಲ. ಬಿಡೋ ಲೇ ಎಂದೆ.

ಬಿಟ್ಟ. ಸಿಳ್ಳೆಯಂತೆ ಉದ್ದಕ್ಕೆ ಬಿಟ್ಟ, ಬದುಕಿದ.

ಆಮೇಲೆ ನಡೆದದ್ದು ನಿನಗೆ ಹೇಳಬೇಕಾಗಿಲ್ಲ. ಚಾಪೆ ಸುಟ್ಟರು. ಜಗುಲಿಗೆ ಸಗಣಿ ಹಾಕಿ ಸಾರಿಸಿದರು. ಅವನ ತಮ್ಮ ಚಿಕ್ಕವೆಂಕಟಪ್ಪ ಎಲ್ಲರಿಗೂ ಕೇಳಿಸುವ ಹಾಗೆ, "ಹೇಳ್ದಂಗೆ ಅಂಗಳದಲ್ಲಿ ನಿಂತಿದ್ರೆ ಬಾವಿ ವಿಚಾರ ನೋಡ್ತಿದ್ವಿ. ಮುಟ್ಬಿಟ್ಟು ಕೆಡಿಸ್ಕೊಂಡ" ಎಂದ. ಸಾಯುವವನನ್ನು ಉಳಿಸಿದ್ದಕ್ಕೆ ನೀರು ಹೋಯಿತು. ಉಳಿಸದಿದ್ದರೆ, ಕೊಂದ ಎಂದು ಕೇರಿಗೆ ಬೆಂಕಿ ಇಡುತ್ತಿದ್ದರು. ಯಾವ ಕಡೆಯಿಂದ ನೋಡಿದರೂ ತಪ್ಪು ನನ್ನದೇ ಆಗುವ ಹಾಗೆ ಕಟ್ಟಿದ್ದಾರೆ ಈ ಊರನ್ನು.

ಅಂದು ಸಂಜೆಯೇ ಮುನಿತಾಯಮ್ಮ ಬೇಲಿಯ ಹತ್ತಿರ ಬಂದು ಕರೆದಳು. "ಎಲ್ರೂ ಹೊಲಕ್ಕೆ ಹೋದ್ಮೇಲೆ ಹಿತ್ಲ ಬಾಗ್ಲು ತೆಗೆದಿರ್ತೀನಿ ಕಣಪ್ಪ. ಕೊಟ್ಟಿಗೇಲಿ ಕೂತಿರ್ತಾರೆ. ಇವತ್ ಇಟ್ಟಂಗೆ ಕೈ ಇಡು. ಯಾರ್ಗೂ ಹೇಳ್ಬೇಡ." ಅತ್ತಿದ್ದಳು, ಕಣ್ಣು ಊದಿತ್ತು.

ನಮ್ಮ ಕೇರಿಯ ಸಂಘದ ಜವರಪ್ಪನಿಗೆ ಹೇಳಿದೆ. "ಸಾಯ್ಲಿ ಬಿಡ್ಲಾ. ಅವನ ಉಸ್ರು ನಿಂತ್ರೆ ನಮ್ ನೀರೇನ್ ಬತ್ತೋಯ್ತದಾ? ಇದ್ರೆ ತಾನೇ ಬತ್ತೋದು" ಎಂದು ನಕ್ಕ. ನಾನೂ ನಕ್ಕೆ. ಸರಿಯಾದ ಮಾತು. ಹಿತ್ತಲಿನಿಂದ ಹೋಗಿ ಕೈಯಿಟ್ಟರೆ ಅವನಿಗೆ ಉಸಿರು, ನಮಗೆ ಅದೇ ಕೆಸರು. ಕೊಟ್ಟಿಗೆಯಲ್ಲಿ ಬೇಕಾದ ಕೈ ಜಗುಲಿಯಲ್ಲಿ ಮೈಲಿಗೆ. ನಾಲ್ಕು ಜನರಿಗೆ ಭಾಷಣ ಮಾಡುವಾಗ ಇದೆಲ್ಲ ನನಗೆ ಚೆನ್ನಾಗಿ ಬರುತ್ತದೆ.

ಆದರೆ ಮಾರಕ್ಕ, ನನ್ನ ಅಂಗೈ ಕೆಳಗೆ ಅವನ ಹೊಟ್ಟೆ ಇಳಿದಾಗ ನನಗೆ ಸಂತೋಷವಾಯಿತು. ನಮ್ಮಪ್ಪನನ್ನು ಇದೇ ಅಂಗಳದ ಹುಣಸೆಮರಕ್ಕೆ ಕಟ್ಟಿಸಿದವನು ಅವನು. ಅವನು ಉಸಿರು ಬಿಟ್ಟದ್ದಕ್ಕೆ ನನಗೇಕೆ ಸಂತೋಷವಾಗಬೇಕು? ಇದು ಮೇಷ್ಟ್ರು ಕಲಿಸಿದ ವಿದ್ಯೆಯೋ, ಹುಟ್ಟಿನಿಂದ ಬಂದ ಗುಲಾಮತನವೋ? ಎರಡು ದಿನದಿಂದ ಯೋಚಿಸುತ್ತಿದ್ದೇನೆ, ಬೇರೆ ಬೇರೆ ಮಾಡಲು ಆಗುತ್ತಿಲ್ಲ. ಕೋಪ ಎಲ್ಲಿ ಹೋಯಿತು ಎಂದು ಹುಡುಕಿದರೆ ಅದೂ ಅಲ್ಲೇ ಇದೆ, ಸ್ವಲ್ಪವೂ ಕಡಿಮೆಯಾಗಿಲ್ಲ.

ಹಿತ್ತಲ ಬಾಗಿಲಿಗೆ ಹೋಗಲೋ ಬೇಡವೋ, ನೀನು ಹೇಳು. ಬೈದಾದರೂ ಬರೆ.

ಗಂಡ ಹೌದೋ ಅಲ್ಲವೋ ಎಂದು ನೀನೇ ತೀರ್ಮಾನಿಸಬೇಕಾದ,
ಪಿಳ್ಳಣ್ಣ

ತಾ.ಕ.: ಹೋಗಲೋ ಬೇಡವೋ ಎಂದು ಕೇಳಿದ್ದು ಸುಳ್ಳು. ನಿನ್ನೆಯೇ ಹೋಗಿಬಂದೆ, ಹಿತ್ತಲಿನಿಂದ. ಕೊಟ್ಟಿಗೆಯಲ್ಲಿ ಕೈಯಿಟ್ಟು ಪಾಠ ಮಾಡಿಸಿದೆ. ನಡುವೆ ಯಾರೂ ಮಾತು ದಾಟಿಸಲಿಲ್ಲ. ಬಿಡಿ ಎಂದಾಗ ಬಿಟ್ಟ, ಗಂಟಲ ಸಿಳ್ಳೆ ನಿಂತಿತು. "ನಾಳೆನೂ ಬಾರಪ್ಪ" ಎಂದ. ಇಲ್ಲಿಗೆ ಇನ್ನು ಬರುವುದಿಲ್ಲ ಎಂದೆ. ಮುಂದಿನ ಪಾಠ ಊರಬಾವಿಯ ಕಟ್ಟೆಯ ಮೇಲೆ, ಹೆಂಗಸರು ನೀರಿಗೆ ಬರುವ ಹೊತ್ತಿಗೆ, ಹೀಗೇ ಕೈಯಿಟ್ಟು. ನೀವು ಬಂದರೆ ಪಾಠ ನಡೆಯುತ್ತದೆ, ಬರದಿದ್ದರೆ ನಾನೊಬ್ಬನೇ ನೀರು ಸೇದುತ್ತೇನೆ ಎಂದೆ. ಏನಾಗುತ್ತದೋ ನನಗೂ ಗೊತ್ತಿಲ್ಲ. ಪಾಠ ಬರುವ ಗುರುವಾರ, ಬೆಳಗ್ಗೆ ಎಂಟು ಗಂಟೆಗೆ.